ಹರಿದು ಕೊಟ್ಟ ಅರಿವಿ

ಆ ಕೌದಿಗೆ ಅರಿವಿ ಬೇಡಿ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಬೇಡಲಿಲ್ಲ. ಬೇಡಿ ತಂದೆನೆಂದು ಒಬ್ಬ ಬಸುರಿ ಹೆಣ್ಣುಮಗಳ ಎದುರು ಕುಳಿತು ಹೇಳಿದೆ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾದ ಕಡೆ ಹೋಗುವ ಒಂದು ಸಣ್ಣ ಗಲ್ಲಿಯಲ್ಲಿ ನನ್ನ ಹೊಲಿಗೆ ಅಂಗಡಿ. ಕುಪ್ಪಸ, ಕುರ್ತಾ, ಮಕ್ಕಳ ಶಾಲೆಯ ಅಂಗಿ ಹೊಲಿಯುತ್ತೇನೆ. ಜನ ಬಟ್ಟೆ ತಂದು ಎದುರಿಗಿಡುತ್ತಾರೆ, ನಾನು ಟೇಪು ಎಳೆಯುತ್ತೇನೆ. ಹೊಲಿಗೆಯವನು ಎಲ್ಲಿಗೂ ಹೋಗಬೇಕಾಗಿಲ್ಲ, ಓಣಿಯೇ ಅವನ ಮೆಟ್ಟಿಲಿಗೆ ಬರುತ್ತದೆ. ಅದರಿಂದಲೋ ಏನೋ, ಯಾರ ಬಾಗಿಲಲ್ಲೂ ನಿಂತು ಏನನ್ನೂ ಕೇಳದವನು ಎಂಬ ಬಿಗುಮಾನ ನನ್ನಲ್ಲಿ ಬೆಳೆದಿತ್ತು.

ಅಕ್ಕ ಕಮಲಾಪುರದಲ್ಲಿದ್ದಾಳೆ. ಅವಳು ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಣುಕುಗಳನ್ನು ಕೂಡಿಸಿ, ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಕೈಹೊಲಿಗೆ ಹಾಕುತ್ತ ಬರುತ್ತಾಳೆ. ನನ್ನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಪಟ್ಟಿಗಳಿಗೆ ನಾವು ಕತ್ರನ್ ಎನ್ನುತ್ತೇವೆ. ಅದನ್ನು ಚೀಲದಲ್ಲಿ ತುಂಬಿ ಆಗಾಗ ಅವಳಿಗೆ ಒಯ್ದು ಕೊಡುವುದು ರೂಢಿ. ಆ ಸಲ ಅವಳು ಚೀಲ ಬೇಡವೆಂದಳು.

ಅವಳ ಕಿರಿಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ ಕೂಸು ಕೈಗೆ ಬಂದು, ತಿಂಗಳು ತುಂಬುವುದರೊಳಗೆ ಹೋಗಿತ್ತು. ಈ ಸಲ ಎಲ್ಲ ಚೆನ್ನಾಗಿದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಹುಡುಗಿ ಒಂದು ಗುಳಿಗೆಯನ್ನೂ ತಪ್ಪಿಸುತ್ತಿರಲಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದಳು. ತನ್ನ ಹೊಟ್ಟೆಯ ಮೇಲೆ ತಾನೇ ಕೈ ಇಡಲು ಹೆದರುತ್ತಿದ್ದಳು.

ಕೂಸು ನಿಲ್ಲದ ಮನೆಗೆ ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಹುಟ್ಟುವ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಮಕ್ಕಳಿರುವ ಮನೆಗಳ ಬಾಗಿಲಲ್ಲಿ ನಿಂತು, ಹೆಗಲ ಟವೆಲ್ ಚಾಚಿ, ಕೂಸಿಗೆ ಒಂದು ತುಣುಕು ಅರಿವಿ ಬೇಡಾಕ ಬಂದೀನಿ ಎನ್ನಬೇಕು. ಬರೀ ಕೊಡ್ರಿ ಎಂದರೆ ನಡೆಯದು. ಬೇಡುವ ಮಾತು ಬಾಯಿಂದ ಬರಬೇಕು. ಮನೆಯವರು ತಾವು ಉಟ್ಟು ತೊಟ್ಟದ್ದರಲ್ಲಿ ಒಂದು ತುಣುಕನ್ನು ಕೈಯಿಂದ ಹರಿದು ಹಾಕುತ್ತಾರೆ. ಅಷ್ಟು ಮನೆಗಳ ಅರಿವಿ ಹೊದ್ದ ಕೂಸು ಯಾರದೆಂದು ಗೊತ್ತಾಗದೆ, ಒಯ್ಯಲು ಬಂದದ್ದು ತಿರುಗಿ ಹೋಗುತ್ತದೆ ಎಂದು ನಂಬಿಕೆ. ಬೇಡುವವನು ಕೂಸಿನ ಸೋದರಮಾವನಾಗಿರಬೇಕು.

"ಆಕಿಗೆ ಅಣ್ಣತಮ್ಮ ಯಾರೂ ಇಲ್ಲ. ಆಕಿ ಮಾಮಾ ನೀನ, ಕೂಸಿನ ಮಾಮಾನೂ ನೀನ," ಎಂದಳು ಅಕ್ಕ. "ಬೇಡ್ಕೊಂಡು ಬಾ ತಮ್ಮಾ. ನಿನ್ನ ಬೆನ್ನ ಮಿಷಿನ್ ಮ್ಯಾಲ ಬಗ್ಗತದ, ಮಂದಿ ಮುಂದ ಬಗ್ಗಂಗಿಲ್ಲ. ಈ ಸಲ ಜರಾ ಬಗ್ಗಿಸು."

ನಾನು ಹೈಸ್ಕೂಲು ಮುಗಿಸಿದವನು. ಇಂಥ ನಂಬಿಕೆಗಳ ಮಾತು ಬಂದಾಗ ವಾದ ಮಾಡುವುದಿಲ್ಲ, ಒಳಗೇ ನಕ್ಕು ಸುಮ್ಮನಾಗುತ್ತೇನೆ. ಅಂದೂ ಹಾಗೇ ಆಯಿತೆಂದು ಹೇಳಿ ಬಸ್ಸು ಹತ್ತಿದೆ.

ನಮ್ಮ ಗಲ್ಲಿಯಲ್ಲಿ ಬೇಡುವುದು ಆಗದ ಮಾತಾಗಿತ್ತು. ಅಲ್ಲಿ ನಾನು ಮಾಸ್ಟರ್. ಕೋಟನೂರ ಕಡೆ ಹೊಸ ಮನೆಗಳೆದ್ದಿವೆ, ಅಲ್ಲಿ ನನ್ನನ್ನು ಯಾರೂ ಅರಿಯರು ಎಂದು ಒಂದು ಸಂಜೆ ಅತ್ತ ಹೋದೆ. ಅಂಗಳದಲ್ಲಿ ಮಗುವಿನ ಸೈಕಲ್ ಇದ್ದ ಒಂದು ಮನೆ ನೋಡಿ ಗೇಟಿನ ಮುಂದೆ ನಿಂತೆ. ಟವೆಲ್ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದೆ. ಗಿಡಕ್ಕೆ ನೀರು ಹಾಕುತ್ತಿದ್ದ ಹೆಣ್ಣುಮಗಳು ನನ್ನನ್ನು ನೋಡಿದಳು. ಬಾಯಿ ತೆರೆದೆ, ಮಾತು ಬರಲಿಲ್ಲ. ಅವಳು ಪೈಪು ಕೆಳಗಿಟ್ಟು ಒಳಗೆ ಹೋಗಿ ಬಂದಳು. ಬಂದವಳು ಗೇಟಿನ ಸಂದಿಯಿಂದ ನನ್ನ ಟವೆಲ್ಲಿಗೆ ಎರಡು ಜೋಳದ ರೊಟ್ಟಿ ಹಾಕಿ, ಕುಂತು ಉಣ್ಣಪ್ಪಾ ಎಂದಳು.

ಅವಳ ದನಿಯಲ್ಲಿ ಕರುಣೆ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ ಸ್ಟಾಪಿನ ಬಳಿ ಆ ರೊಟ್ಟಿಗಳನ್ನು ಒಂದು ಆಕಳಿಗೆ ಹಾಕಿ ಮನೆಗೆ ಬಂದೆ. ಮತ್ತೆ ಯಾವ ಗೇಟಿಗೂ ಹೋಗಲಿಲ್ಲ.

ಮರುದಿನ ಕಟಿಂಗ್ ಟೇಬಲ್ಲಿನ ಕೆಳಗಿನ ಕತ್ರನ್ ಚೀಲವನ್ನು ಹೊರಗೆಳೆದೆ. ಬಟ್ಟೆ ಬಟ್ಟೆಯೇ ಅಲ್ಲವೇ, ಮನೆಮನೆಯ ಹೆಂಗಸರು ತಂದುಕೊಟ್ಟದ್ದರ ಉಳಿಕೆಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಜಾರುವ ಪಾಲಿಸ್ಟರ್ ತೆಗೆದೆಸೆದು ಹತ್ತಿಯ ಪಟ್ಟಿಗಳನ್ನಷ್ಟೇ ಆರಿಸಿದೆ. ಅರಿಸಿನ, ಗಿಳಿಹಸಿರು, ಕೆಂಪು, ನೀಲಿಯ ಮೇಲೆ ಬಿಳಿ ಚುಕ್ಕೆ. ಬಕೆಟ್ಟಿನ ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ ಗಂಜಿ ಬಿಡಿಸಿದೆ. ಕಲ್ಲಿನ ಮೇಲೆ ತಿಕ್ಕಿ, ಮಾಳಿಗೆಯ ಬಿಸಿಲಲ್ಲಿ ಒಣಗಿಸಿ, ಮತ್ತೆ ನೆನೆಸಿದೆ. ಬಣ್ಣ ಮಾಸಿತು, ಬಟ್ಟೆ ಮೆತ್ತಗಾಯಿತು. ಹರಿದಂತೆ ಕಾಣಲೆಂದು ಸೂಜಿಯಿಂದ ಅಂಚಿನ ಎಳೆಗಳನ್ನು ಒಂದೊಂದಾಗಿ ಎಬ್ಬಿಸಿದೆ. ಹೊಸದನ್ನು ಹಳೆಯದಾಗಿ ಮಾಡುವುದರಲ್ಲಿ ನಾನು ತೋರಿದ ಶ್ರದ್ಧೆಯನ್ನು ಯಾವ ಮದುಮಗಳ ಕುಪ್ಪಸಕ್ಕೂ ತೋರಿರಲಿಲ್ಲ.

ಸಂತೆಯ ದಿನ ಗಂಟು ಕಟ್ಟಿಕೊಂಡು ಕಮಲಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಅಕ್ಕ ಗಂಟು ಬಿಚ್ಚಿದಳು. ಬಣ್ಣಗಳು ಚೆಲ್ಲಿದವು. ಮೂಲೆಯಲ್ಲಿದ್ದ ಮಗಳು ಸರಿದು ಹತ್ತಿರ ಬಂದು ಒಂದು ಅರಿಸಿನ ಪಟ್ಟಿ ಎತ್ತಿಕೊಂಡು, ಇದು ಯಾರ ಮನೆಯದೆಂದು ಕೇಳಿದಳು.

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಬಸ್ ಡ್ರೈವರನ ಮನೆಯದೆಂದೆ. ನಾಲ್ಕು ಮಕ್ಕಳು, ಮನೆ ತುಂಬ ಗದ್ದಲ ಎಂದೆ. ಚುಕ್ಕೆಯದು? ಒಬ್ಬ ಟೀಚರದು, ಅವರಿಗೆ ಜೋಡಿ ಕೂಸು. ಹಸಿರು ಹಣ್ಣಿನ ಬಂಡಿಯವನ ಹೆಂಡತಿಯದು. ಬಾಯಿ ಬಿಟ್ಟಂತೆ ಮನೆಗಳು ಹುಟ್ಟುತ್ತಿದ್ದವು. ಆ ಮನೆಗಳಲ್ಲಿ ಮಕ್ಕಳು ಓಡುತ್ತಿದ್ದವು, ಬೀಳುತ್ತಿದ್ದವು, ಅಳುತ್ತಿದ್ದವು. ಅವಳು ಒಂದೊಂದನ್ನೂ ತೊಡೆಯ ಮೇಲೆ ಹಾಸಿ ಅಂಗೈಯಿಂದ ಸವರಿದಳು. ಡ್ರೈವರನ ಕೊನೆಯ ಮಗ ಬಸ್ಸಿನ ಹಾರ್ನ್ ಕೇಳಿದರೆ ಊಟ ಬಿಟ್ಟು ಓಡುತ್ತಾನೆ ಎಂದು ನಾನು ಹೇಳಿದಾಗ ನಕ್ಕಳು. ಆಮೇಲೆ ಆ ಪಟ್ಟಿಯನ್ನು ಒಯ್ದು ಹೊಟ್ಟೆಯ ಮೇಲಿಟ್ಟುಕೊಂಡಳು.

ಅವಳ ನಗು ನೋಡಿ ನನ್ನ ಸುಳ್ಳಿಗೆ ನಾನೇ ಶಾಭಾಸ್ ಕೊಟ್ಟುಕೊಂಡೆ. ಇದನ್ನೂ ಬರೆಯಬೇಕು.

ಹೊಲಿಗೆ ಶುರುವಾಯಿತು. ಅಂಗಡಿಯ ಬಾಗಿಲು ಹಾಕಿ ನಾನೂ ಅಕ್ಕನ ಮನೆಯಲ್ಲೇ ಉಳಿದೆ. ನೆಲದ ಮೇಲೆ ಅಕ್ಕನ ಹಳೆಯ ಸೀರೆಯನ್ನು ಮಡಿಸಿ ಹಾಸಿ, ಸುಕ್ಕಾಗದಂತೆ ನಾಲ್ಕು ಮೂಲೆಗೆ ಕಲ್ಲಿಟ್ಟೆವು. ಅದರ ಮೇಲೆ ಇನ್ನೊಂದು ಪದರ, ಆಮೇಲೆ ಪಟ್ಟಿಗಳು. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲವನ್ನೂ ಹಿಡಿದು ನಿಲ್ಲಿಸಿದೆವು. ಒಂದು ಅಂಚಿಗೆ ಅಕ್ಕ, ಎದುರಂಚಿಗೆ ನಾನು. ಮಿಷಿನ್ನಿನ ಮೇಲೆ ಆಯುಷ್ಯ ಕಳೆದ ನನಗೆ ಕೈಹೊಲಿಗೆ ಸುಲಭವಾಗಲಿಲ್ಲ. ಮಿಷಿನ್ನು ಓಡುತ್ತದೆ, ಕೈಸೂಜಿ ನಡೆಯುತ್ತದೆ. ಬೆರಳಿಗೆ ಅಂಗುಸ್ತಾನದ ಟೊಪ್ಪಿಗೆ ಹಾಕಿಕೊಂಡರೂ ತುದಿ ಬಾತುಕೊಂಡಿತು. ನನ್ನ ಹೊಲಿಗೆ ಒಮ್ಮೆ ಬಿಗಿ, ಒಮ್ಮೆ ಸಡಿಲ. ಅಕ್ಕನದು ಇರುವೆಸಾಲು.

ಎರಡನೆಯ ಸುತ್ತಿಗೆ ಬಂದಾಗ ನನ್ನ ಸೂಜಿ ಒಂದು ಕೆಂಪು ಪಟ್ಟಿಯ ಹತ್ತಿರ ನಿಂತಿತು. ಕೈಯಿಂದ ಹರಿದ ಬಟ್ಟೆ ಯಾವಾಗಲೂ ಎಳೆ ಹಿಡಿದು ನೇರ ಹೋಗುತ್ತದೆ. ಓರೆಯಾಗಿ ಹರಿಯಲು ಬರುವುದೇ ಇಲ್ಲ. ಈ ಪಟ್ಟಿ ಎಳೆಗಳನ್ನು ದಾಟಿ, ಕೊನೆಯಲ್ಲಿ ಸಣ್ಣಗೆ ಬಾಗಿತ್ತು. ಅದು ಕುಪ್ಪಸದ ಬಗಲಿನ ಆಕಾರ. ಅಂಚಿನ ಎಳೆ ಎಬ್ಬಿಸುವುದರಲ್ಲಿ ಮುಳುಗಿದ್ದ ನಾನು, ಕತ್ತರಿಯ ದಾರಿಯನ್ನು ಹಾಗೇ ಬಿಟ್ಟಿದ್ದೆ. ಸೂಜಿ ಹಿಡಿದ ಯಾರಿಗಾದರೂ ಇದು ಕತ್ತರಿಯ ಕೆಲಸವೆಂದು ಗೊತ್ತಾಗಬೇಕು.

ಗಾಬರಿಯಾಗಿ ಅಕ್ಕನ ಅಂಚಿನ ಕಡೆ ನೋಡಿದೆ. ಅಲ್ಲಿ ಬಾಗಿದ ಪಟ್ಟಿ ಒಂದೂ ಕಾಣಲಿಲ್ಲ. ಹತ್ತಿರ ಸರಿದು ಬೆರಳಾಡಿಸಿದೆ. ಪ್ರತಿ ಪಟ್ಟಿಯ ಅಂಚನ್ನೂ ಒಳಕ್ಕೆ ಮಡಿಸಿ ಹೊಲಿದಿದ್ದಳು. ಬಗಲು, ಕೊರಳು, ಓರೆ ಎಲ್ಲವೂ ಮಡಿಕೆಯ ಕೆಳಗೆ ಅಡಗಿದ್ದವು. ಮಗಳಿಗೆ ಕಾಣದಂತೆ ನನ್ನ ಸುಳ್ಳನ್ನು ಅವಳು ಮುಚ್ಚುತ್ತ ಬಂದಿದ್ದಳು. ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡೆಂದು ನನ್ನತ್ತ ಚಾಚಿದಳು, ಅಷ್ಟೇ.

ಮರುವಾರದ ಸಂತೆಗೆ ಅಕ್ಕನ ಜೊತೆ ಹೋದೆ. ಮಗಳಿಗೆಂದು ಅವಳು ಕೆಂಬಾಳೆ ಹಣ್ಣು ಆರಿಸುತ್ತಿದ್ದಳು. ನಾನು ಚೀಲ ಹಿಡಿದು ಹಿಂದೆ ನಿಂತು, ಅರಿವಿಯ ವಿಷಯ ಗೊತ್ತಾಗಿದೆಯೇ ಎಂದು ಕೇಳಿದೆ.

"ಗಂಟು ಬಿಚ್ಚಿದಾಗನ ಗೊತ್ತಾಗ್ಯಾದ."

"ಮತ್ತ ಯಾಕ ಹೊಲೀಲಾಕತ್ತಿದಿ?"

"ಆಕಿ ನಕ್ಕಳಲ್ಲೋ," ಎಂದಳು. ಒಂದು ಹಣ್ಣನ್ನು ಒತ್ತಿ ನೋಡಿ ಕೆಳಗಿಟ್ಟಳು. "ನಿನ್ನ ಸುಳ್ಳ ನಿನ್ನ ಹೊಟ್ಯಾಗ ಇದ್ದಿದ್ರ ನಂದೇನಿಲ್ಲ. ಈಗದು ನನ್ನ ಸೂಜ್ಯಾಗ ಬಂದು ಕುಂತದ. ರಟ್ಟಿ ನೋಯ್ತದ ತಮ್ಮಾ."

ಹಣ್ಣಿನ ಚೀಲವನ್ನು ಅವಳ ಕೈಗೆ ಕೊಟ್ಟು, ನಾನು ಬರುವವರೆಗೆ ಸೂಜಿ ಮುಟ್ಟಬೇಡವೆಂದು ಹೇಳಿದೆ. ಸಂತೆಯಿಂದಲೇ ಕಲಬುರಗಿಯ ಬಸ್ಸು ಹಿಡಿದೆ. ಕೋಟನೂರಿನಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ, ಅದಕ್ಕೇ ಅಲ್ಲಿಗೆ ಹೋಗಿದ್ದೆ. ಗುರುತಿಲ್ಲದವರ ಮುಂದೆ ಬೇಡಿದರೆ ನಾನು ಕಳೆದುಕೊಳ್ಳುವುದೇನೂ ಇರಲಿಲ್ಲ. ಈ ಸಲ ನಮ್ಮ ಗಲ್ಲಿಯಲ್ಲೇ ಬೇಡಬೇಕೆಂದು ಕಿಟಕಿಯ ಪಕ್ಕ ಕುಳಿತಾಗ ಗಟ್ಟಿ ಮಾಡಿದೆ.

ಮೊದಲು ಎದುರಿನ ಬಳೆ ಅಂಗಡಿಗೆ ಹೋದೆ. ಅದರ ಒಡತಿಯನ್ನು ಗಲ್ಲಿಯಲ್ಲಿ ಎಲ್ಲರೂ ಆಪಾ ಎನ್ನುತ್ತಾರೆ. ಉರುಸಿನ ಗದ್ದಲದಲ್ಲಿ ಅವಳು ತನ್ನ ತಾಡಪತ್ರಿಯ ಹಗ್ಗವನ್ನು ನನ್ನ ಶಟರಿಗೆ ಕಟ್ಟಿದ್ದಳೆಂದು ಜಗಳವಾಗಿ, ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಟವೆಲ್ ಚಾಚಿ ನಿಂತೆ. ಗಿರಾಕಿಯ ಕೈಗೆ ಬಳೆ ಏರಿಸುತ್ತಿದ್ದವಳು ಕಣ್ಣೆತ್ತಿದಳು.

"ಆಪಾ, ನಮ್ಮ ಕೂಸಿಗೆ ಒಂದು ತುಣುಕು ಅರಿವಿ ಬೇಡಾಕ ಬಂದೀನಿ."

"ಕ್ಯಾ ಮಾಸ್ಟರ್?" ಎಂದಳು. "ನಿಮ್ಮ ದುಕಾನ್ದಾಗ ಬೋರಿಗಟ್ಟಲೆ ಕತ್ರನ್ ಅದ. ನನ್ನ ಬಾಗಲಿಗೆ ಬಂದು ಬೇಡ್ತೀರಿ? ಹಗ್ಗಾ ಕಟ್ಟಾಕ ಜಾಗಾ ಕೊಡ್ಲಿಲ್ಲ, ನಾ ಅರಿವಿ ಕೊಡ್ಲೇನು?"

ಗಿರಾಕಿ ನಕ್ಕಳು. ನಾನು ಟವೆಲ್ ಇಳಿಸಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಹೋದ ಎರಡು ಕೂಸು, ಚೀಲದ ಕತ್ರನ್, ಕಟ್ಟಿದ ಕಥೆ, ಯಾವುದನ್ನೂ ಬಿಡಲಿಲ್ಲ. ಆಪಾ ಬಳೆಯ ಪೆಟ್ಟಿಗೆ ಮುಚ್ಚಿದಳು.

"ನನ್ನ ದೊಡ್ಡಾಂವ ಮಾಂಗೇ ಸೋ ಬಚ್ಚಾ," ಎಂದಳು. ಬೇಡಿ ಪಡೆದ ಮಗ. "ನಮ್ಮ ಅಮ್ಮಾ ಮನಿಮನಿ ಹೋಗಿ ಅವಗ ಕುರ್ತಾದ ಅರಿವಿ ಬೇಡಿದ್ಲು. ನಿಮ್ಮ ಮನೀದೂ ಅದರಾಗ ಇತ್ತು ಮಾಸ್ಟರ್. ನಿಮ್ಮ ಹೆಂಡ್ತಿ ಕೊಟ್ಟಿದ್ರು. ನಿಮಗ ಹೇಳಿರಲಿಕ್ಕಿಲ್ಲ."

ನನಗೆ ಹೇಳಿರಲಿಲ್ಲ. ಹೇಳಿದ್ದರೆ ಏನೆನ್ನುತ್ತಿದ್ದೆನೆಂದು ನನ್ನ ಹೆಂಡತಿಗೆ ಗೊತ್ತಿತ್ತು. ಈಗ ಕೇಳೋಣವೆಂದರೆ ಅವಳಿಲ್ಲ.

ಆಪಾ ಹೆಗಲ ಮೇಲಿನ ಓಢಣಿಯ ತುದಿಗೆ ಹಲ್ಲು ಹಾಕಿದಳು. ರೂಢಿಯಂತೆ ನನ್ನ ಕೈ ಕಿಸೆಯ ಕತ್ತರಿಗೆ ಹೋಯಿತು. ಅದನ್ನು ಅಲ್ಲೇ ಇಡ್ರಿ ಎಂದು ಗದರಿಸಿ, ಎರಡೂ ಕೈಯಿಂದ ಎಳೆದಳು. ಬಟ್ಟೆ ಹರಿಯುವ ಸದ್ದು ಹೊಲಿಗೆಯವನಿಗೆ ಯಾವಾಗಲೂ ನಷ್ಟದ ಸದ್ದು. ಅಂದು ಅದು ಬೇರೆಯಾಗಿ ಕೇಳಿಸಿತು. ತಿಳಿಗುಲಾಬಿಯ ಪಟ್ಟಿ ಟವೆಲ್ಲಿಗೆ ಬಿತ್ತು. ಅವಳ ಮೈಯ ಬಿಸುಪು ಇನ್ನೂ ಅದರಲ್ಲಿತ್ತು.

ಆಮೇಲೆ ಗಲ್ಲಿಯ ಉದ್ದಕ್ಕೂ ನಡೆದೆ. ಪ್ರತಿ ಬಾಗಿಲಲ್ಲೂ ಬೇಡುವ ಮಾತು ಮೊದಲಿನಷ್ಟೇ ಕಷ್ಟವಾಯಿತು, ಎಲ್ಲೂ ಸಲೀಸಾಗಲಿಲ್ಲ. ಒಬ್ಬಳು, ನನ್ನ ಕುಪ್ಪಸಾ ಇಟ್ಕೊಂಡು ಎರಡು ಹಬ್ಬಾ ದಾಟಿಸೀರಿ, ಮೊದ್ಲು ಅದನ್ನ ಕೊಡ್ರಿ ಎಂದು ಬಾಗಿಲು ಹಾಕಿದಳು. ಗಲ್ಲಿಯ ಕೊನೆ ಮುಟ್ಟುವುದರೊಳಗೆ ಅವಳೇ ಹಿಂದೆ ಬಂದು, ಲುಂಗಿಯ ತುಂಡೊಂದನ್ನು ಟವೆಲ್ಲಿಗೆ ಎಸೆದು ಹೋದಳು. ಒಂದು ಮನೆಯ ಮುದುಕಿ ತನ್ನ ಸೆರಗು ಹರಿಯಲಾರದೆ ನನಗೇ ಒಂದು ತುದಿ ಹಿಡಿಯಲು ಹೇಳಿದಳು. ಇಬ್ಬರೂ ಎಳೆದೆವು. ಯಾವ ಮನೆಯದು ಯಾವ ತುಣುಕೆಂದು ನಾನು ನೆನಪಿಟ್ಟುಕೊಳ್ಳಬೇಕಾಗಲಿಲ್ಲ. ಮರೆಯಲು ಬರುವಂತಿರಲಿಲ್ಲ.

ಕಮಲಾಪುರಕ್ಕೆ ತಿರುಗಿ ಹೋದಾಗ ಅಕ್ಕನ ಮಗಳು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ಅಕ್ಕ ಒಳಗಿಂದ ಬಂದು ಬಾಗಿಲಿಗೆ ಆತು ನಿಂತಳು. ನಾನು ಹೊಸ ಗಂಟನ್ನು ಬಿಚ್ಚದೆ ಮುಂದಿಟ್ಟುಕೊಂಡು, ಮೊದಲಿನದು ಅಂಗಡಿಯ ಕತ್ರನ್ ಎಂದು ಹೇಳಿದೆ. ಯಾರ ಮನೆಗೂ ಹೋಗಿರಲಿಲ್ಲ, ಹೇಳಿದ್ದೆಲ್ಲ ಕಟ್ಟಿದ ಕಥೆ ಎಂದೆ.

ಅವಳ ಕೈ ಬೇಳೆಯಲ್ಲಿ ನಿಂತಿತು.

"ಡ್ರೈವರಣ್ಣ ಇಲ್ಲೇನು ಮಾಮಾ?"

"ಇಲ್ಲವ್ವಾ."

"ಟೀಚರ್? ಅವರ ಜೋಡಿ ಕೂಸು?"

ಇಲ್ಲವೆಂದು ತಲೆಯಾಡಿಸಿದೆ.

"ದಿನಾ ಸಂಜೀಕ ದೀಪಾ ಹಚ್ಚಿ ಅವರ ಮಕ್ಕಳ ಸಲುವಾಗಿ ಕೈ ಮುಗೀತಿದ್ದೆ," ಎಂದಳು. "ಜೋಡಿ ಕೂಸಿನ ಹೆಸರು ನೀ ಹೇಳಿರಲಿಲ್ಲ. ನಾನ ಇಟ್ಟಿದ್ದೆ."

ಅವಳು ಬೇಳೆಯ ಮೊರವನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವಳು ಕೊಡಬೇಕಾಗುತ್ತಿತ್ತು, ಆ ಭಾರವನ್ನೂ ಅವಳ ಮೇಲೆ ಹಾಕಲು ಮನಸ್ಸಾಗಲಿಲ್ಲ.

ಅಕ್ಕ ಮತ್ತು ನಾನು ಕೌದಿಯನ್ನು ಬಿಚ್ಚಲು ಕುಳಿತೆವು. ಕೈಹೊಲಿಗೆಯನ್ನು ಎಳೆದು ಬಿಚ್ಚಿದರೆ ಬಟ್ಟೆ ಜಾಳಾಗುತ್ತದೆ. ನಾಲ್ಕು ಹೊಲಿಗೆಗೊಮ್ಮೆ ಬ್ಲೇಡಿನಿಂದ ದಾರ ಕತ್ತರಿಸಿ, ಹಿಂದಿನಿಂದ ಸೂಜಿಯಲ್ಲಿ ಎತ್ತಬೇಕು. ಅಕ್ಕ ಮಡಿಸಿ ಮುಚ್ಚಿದ್ದ ಬಗಲು, ಕೊರಳುಗಳೆಲ್ಲ ಹೊರಬಿದ್ದವು. ಹುಡುಗಿ ಊಟ ಬಡಿಸುತ್ತಿದ್ದಳು, ನೀರು ಕೊಡುತ್ತಿದ್ದಳು, ಮಾಮಾ ಎನ್ನುತ್ತಿರಲಿಲ್ಲ. ಬಿಚ್ಚುವುದು ಮುಗಿದ ದಿನ ಆ ಪಟ್ಟಿಗಳನ್ನು ಒಟ್ಟು ಮಾಡಿ ಚೀಲಕ್ಕೆ ತುಂಬತೊಡಗಿದೆ.

"ಅವ್ರನ್ನ ಎಲ್ಲಿಗಿ ಒಯ್ತಿ?" ಎಂದು ಹಿಂದಿನಿಂದ ಕೇಳಿದಳು.

ಅಂಗಡಿಗೆ ಎಂದೆ.

"ಬ್ಯಾಡ. ಇಷ್ಟು ದಿನಾ ಕೈ ಮುಗದೀನಿ, ಈಗ ಹೊರಗ ಹಾಕಂದ್ರ ಹ್ಯಾಂಗ? ಒಳಗ ಹಾಕು."

ನಾನು ಅಕ್ಕನ ಮುಖ ನೋಡಿದೆ. ಹೊಸ ಬಟ್ಟೆ ಕೂಸಿಗೆ ಮುಟ್ಟಬಾರದಲ್ಲ. ಅಕ್ಕ ಸ್ವಲ್ಪ ಯೋಚಿಸಿ, ನಡುವಿನ ಪದರದಾಗ ಇದ್ರ ಕೂಸಿಗೆ ಎಲ್ಲಿ ಮುಟ್ತದ ಎಂದು ತೀರ್ಪು ಕೊಟ್ಟಳು. ಕೆಳಗೆ ಅಕ್ಕನ ಸೀರೆ, ನಡುವೆ ಇಲ್ಲದ ಮನೆಗಳ ಪಟ್ಟಿ, ಮೇಲೆ ರೋಜಾದ ಬಾಗಿಲುಗಳಲ್ಲಿ ಹರಿದು ಕೊಟ್ಟ ತುಣುಕು. ಹೀಗೆ ಹಾಸಿ ಮತ್ತೆ ಅಂಚಿನಿಂದ ಶುರು ಮಾಡಿದೆವು. ಯಾವ ತುಣುಕು ಯಾರ ಮನೆಯದೆಂದು, ಈ ಸಲ ನಡೆದದ್ದನ್ನೇ, ಹೇಳುತ್ತ ಹೊಲಿದೆ. ಹರಿದ ಅರಿವಿ ಮೆತ್ತಗಿತ್ತು. ಸೂಜಿ ತಾನಾಗಿ ಹೋಗುತ್ತಿತ್ತು.

ಸುತ್ತುತ್ತ ಸುತ್ತುತ್ತ ನಡುವಿಗೆ ಬಂದಾಗ ಅಂಗೈಯಗಲದ ಜಾಗ ಉಳಿಯಿತು. ಅದನ್ನು ಮುಚ್ಚುವ ಮೊದಲು ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎನ್ನುತ್ತಾರೆ. ಬೇಡಿ ತಂದವನೇ ಅದನ್ನು ಮಾಡಬೇಕು. ಅಕ್ಕ ಒಂದು ಚೂರು ಜೋಳದ ರೊಟ್ಟಿ, ಒಂದು ಚಿಟಿಕೆ ಸಕ್ಕರೆ ತಂದು ನನ್ನ ಕೈಯಲ್ಲಿಟ್ಟಳು. ರೊಟ್ಟಿ ನೋಡಿ ನನ್ನ ಕೈ ತಡೆಯಿತು. ಇನ್ನೂ ಹೇಳದ ಒಂದು ಸಂಗತಿ ಉಳಿದಿತ್ತು. ಕೋಟನೂರಿನ ಗೇಟು, ಬಾರದ ಮಾತು, ಕುಂತು ಉಣ್ಣಪ್ಪಾ ಎಂದವಳು, ಆಕಳು, ಎಲ್ಲ ಹೇಳಿದೆ.

ಅಕ್ಕನ ಮಗಳು ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗಲಿಲ್ಲ.

"ಅರಿವಿ ಬೇಡಾಕ ಹೋಗಿ ರೊಟ್ಟಿ ತಂದಿ ಮಾಮಾ?" ಎನ್ನುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಸಲದ ನಗುವಿಗೆ ನಾನು ಯಾವ ಕಥೆಯನ್ನೂ ಕಟ್ಟಿರಲಿಲ್ಲ. ನಗುತ್ತಿದ್ದವಳು ಒಮ್ಮೆಲೇ ಸುಮ್ಮನಾಗಿ ಒಂದು ಪಕ್ಕೆಯ ಮೇಲೆ ಅಂಗೈ ಇಟ್ಟಳು. ಕೂಸು ಒದೆಯುತ್ತಿದೆ ಎಂದಳು. ಕೈಯನ್ನು ತೆಗೆಯಲಿಲ್ಲ.

ರೊಟ್ಟಿಯ ಚೂರನ್ನು ಇಟ್ಟು ಕೌದಿಯ ಹೊಟ್ಟೆಯನ್ನು ಹೊಲಿದೆ. ಆ ಕೊನೆಯ ಹೊಲಿಗೆಗಳೂ ವಾರೆಯಾಗಿಯೇ ಬಿದ್ದಿವೆ.

ಹೆಣ್ಣು ಕೂಸು ಹುಟ್ಟಿತು. ಎಲ್ಲರೂ ಹೆದರಿದ್ದ ಮೊದಲ ತಿಂಗಳು ದಾಟಿತು. ದಾಟಿದ ಮೇಲೆ ನಾನು ಕಮಲಾಪುರಕ್ಕೆ ಹೋದೆ. ಕೂಸನ್ನು ಕೌದಿಯ ಮೇಲೆ ಮಲಗಿಸಿ ತಾಯಿ ಒಂದೊಂದು ತುಣುಕನ್ನು ಮುಟ್ಟಿ ಹೇಳುತ್ತಿದ್ದಳು. ಇದು ಬಳಿ ಆಪಾಂದು, ಇದು ಜಗಳಾಡಿ ಕೊಟ್ಟಾಕಿದು, ಇದು ಈ ನಿನ್ನ ಮುತ್ಯಾ ಮತ್ತ ಒಬ್ಬ ಆಯಿ ಕೂಡಿ ಹರಿದಿದ್ದು. ಆಗಲೇ ಕೂಸು ಕೌದಿಯನ್ನು ತೋಯಿಸಿತು.

"ಎಲ್ಲಾರ ಮನೀನೂ ತೋಯಿಸಿದ್ಲು ನೋಡು," ಎಂದಳು ಅಕ್ಕ.

ಮಗಳು ಕೂಸನ್ನೆತ್ತಿಕೊಂಡು, ಒದ್ದೆಯಾದ ಜಾಗವನ್ನು ಬೆರಳಿಂದ ಒತ್ತಿ ನೋಡಿದಳು.

"ಒಳಗಿನವರಿಗೂ ಮುಟ್ಯಾದ ಮಾಮಾ," ಎಂದಳು. "ಡ್ರೈವರಣ್ಣ ಪೂರಾ ತೋಯ್ದಾನ."

ನೀರಲ್ಲಿ ಜಾಲಿಸಿದ ಕೌದಿಯನ್ನು ಒಣಹಾಕುವ ಕೆಲಸ ನನ್ನ ಪಾಲಿಗೆ ಬಂತು. ಎರಡೂ ಕೈ ಚಾಚಿದೆ, ಅವಳು ಅದನ್ನು ನನ್ನ ತೋಳುಗಳ ಮೇಲೆ ಹಾಕಿದಳು. ನೀರು ಕುಡಿದು ಭಾರವಾಗಿತ್ತು. ಹೊತ್ತುಕೊಂಡು ಅಂಗಳದ ಬಿಸಿಲಿಗೆ ಹೋದೆ.